ತೂಕದ ಚೀಟಿ ತಂದ ಜಗಳ

ಸಿರ್ಸಿಯಂಥ ಊರಲ್ಲಿ ಆಫೀಸಿನ ಜಗಳ ಆಫೀಸಿನಲ್ಲೇ ಉಳಿಯುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಫೋನ್ ಮಾಡಿದಾಗಲೆಲ್ಲ "ಸಂಜೆ ಬಾಗಿಲು ಹಾಕಿದ ಮೇಲೆ ಅದನ್ನೆಲ್ಲ ತಲೆಯಿಂದ ತೆಗೆದು ಹಾಕು" ಅನ್ನುತ್ತಿದ್ದ. ಹೇಳುವುದು ಸುಲಭ. ನಾನು ಜಗಳ ಆಡಿದವರ ಹೆಂಡತಿಯ ತವರು ನನ್ನ ಅಮ್ಮನ ತವರಿನ ಪಕ್ಕದ ಕೇರಿ. ಅವರ ಮಗ ಓದುವುದು ನನ್ನ ಮಗಳ ಶಾಲೆಯಲ್ಲೇ. ಎರಡೂ ಮನೆಗೆ ಪುರೋಹಿತ ಭಟ್ಟರು ಒಬ್ಬರೇ. ಮದುವೆ, ಉಪನಯನ, ತಿಥಿ, ಯಕ್ಷಗಾನ, ಬಿಡ್ಕಿಬೈಲಿನ ತರಕಾರಿ ಅಂಗಡಿ, ಎಲ್ಲಿ ಹೋದರೂ ಅವರು ಎದುರಿಗೆ ಸಿಗುತ್ತಾರೆ. ಹಾಗಾಗಿ ಈ ಗಲಾಟೆಯನ್ನು ಮರೆತು ಬದುಕುವ ದಾರಿ ನನಗಿರಲಿಲ್ಲ. ಏನಾದರೂ ಮಾಡಲೇಬೇಕಿತ್ತು.

ನಾನಿರುವುದು ಇಲ್ಲಿನ ಒಂದು ಸಹಕಾರಿ ಸಂಘದ ಅಡಿಕೆ ವಿಭಾಗದಲ್ಲಿ. ಯಾವ ಸಂಘ ಅಂತ ಹೇಳುವುದಿಲ್ಲ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಂಥವು ಸಾಕಷ್ಟಿವೆ, ಕೆಲಸದ ರೀತಿ ಹೆಚ್ಚುಕಡಿಮೆ ಒಂದೇ. ಬೆಳೆಗಾರರು ಚೀಲಗಳಲ್ಲಿ ಅಡಿಕೆ ತರುತ್ತಾರೆ. ಆರಿಸುವ ಹೆಂಗಸರು ಅದನ್ನು ಬಗೆ ಬಗೆಯಾಗಿ ಬೇರೆ ಮಾಡುತ್ತಾರೆ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ದರಲ್ಲಿ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ. ಹಣ್ಣಡಿಕೆಯನ್ನು ತಿಂಗಳಿಗೂ ಹೆಚ್ಚು ಕಾಲ ಬಿಸಿಲಲ್ಲಿ ಒಣಗಿಸಿ ಸುಲಿದರೆ ಚಾಲಿ. ಅದರೊಳಗೆ ಬಿಳಿಗೋಟು, ಕೋಕಾ ಅಂತ ಕಡಿಮೆ ದರದ ಮಾಲು ಬೇರೆ. ಒಂದೊಂದು ಗುಪ್ಪೆಗೂ ಒಂದೊಂದು ಲಾಟ್ ನಂಬರ್. ವ್ಯಾಪಾರಿಗಳು ಬಂದು, ಅಡಿಕೆ ಕತ್ತರಿಸಿ ನೋಡಿ, ಕ್ವಿಂಟಲಿಗೆ ಇಷ್ಟು ಅಂತ ಟೆಂಡರ್ ಹಾಕುತ್ತಾರೆ. ಹೆಚ್ಚು ದರ ಹಾಕಿದವರಿಗೆ ಮಾಲು. ದರ ಹಿಡಿಸದಿದ್ದರೆ ಬೆಳೆಗಾರ "ಕೊಡುವುದಿಲ್ಲ" ಅನ್ನಬಹುದು. ಒಪ್ಪಿದರೆ ತೂಕ. ತೂಕ ಆದ ಮೇಲೆ ಪಟ್ಟಿ. ಆ ಪಟ್ಟಿಯಲ್ಲಿ ಸಾಲದ ಬಾಬ್ತು, ಹಮಾಲಿ ಎಲ್ಲ ಕಳೆದು ಉಳಿದದ್ದು ಬೆಳೆಗಾರನ ಖಾತೆಗೆ.

ನನ್ನ ಕೆಲಸ ಲಾಟುಗಳ ಲೆಕ್ಕ ಇಡುವುದು, ಟೆಂಡರ್ ದರ ಮತ್ತು ತೂಕವನ್ನು ಕಂಪ್ಯೂಟರಿಗೆ ಹಾಕುವುದು. ತೂಕದ ಹತ್ತಿರ ನಿಲ್ಲುವವರು ಇನ್ನೊಬ್ಬರು. ನನಗಿಂತ ಬಹಳ ಹಿರಿಯರು. ಆಫೀಸಿನಲ್ಲಿ ಎಲ್ಲರಿಗೂ ಅವರು "ತೂಕದ ಭಾವ". ನಮ್ಮ ಕಡೆ ಸಂಬಂಧ ಇರಲಿ ಬಿಡಲಿ, ಹಿರಿಯರನ್ನು ಭಾವ ಅಂತಲೇ ಕರೆಯುವುದು. ನಾನೂ ಹಾಗೇ ಕರೆಯುತ್ತಿದ್ದೆ, ಮಾತು ನಿಲ್ಲುವವರೆಗೆ.

ಮೊದಲು ಎಲ್ಲ ತೂಕ ಅವರ ಕೈಪುಸ್ತಕದಲ್ಲಿ ಇರುತ್ತಿತ್ತು. ಉದ್ದನೆಯ ಪುಸ್ತಕ, ರಟ್ಟಿನ ಹೊದಿಕೆ, ಮಧ್ಯೆ ಒಂದು ನೀಲಿ ಪೆನ್ನು. ಪಟ್ಟಿ ಮಾಡುವವರು ಆ ಪುಸ್ತಕ ನೋಡಿಯೇ ಪಟ್ಟಿ ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅವರು ಒಂದು ಚೀಟಿಯಲ್ಲಿ ತೂಕ ಬರೆದು ಕಳಿಸುವುದು, ನಾನು ಅದನ್ನು ಹೊಡೆಯುವುದು, ಪ್ರಿಂಟ್ ತೆಗೆದ ಹಾಳೆಯ ಕೆಳಗೆ ಅವರು ಸಹಿ ಹಾಕುವುದು ಅಂತಾಯಿತು. ಕೇಳುವುದಕ್ಕೆ ಸರಿಯಾಗೇ ಇದೆ ಅಲ್ವಾ? ಅಂಕಿ ನನ್ನದು, ಸಹಿ ಅವರದು. ಹೆಚ್ಚುಕಮ್ಮಿ ಆದರೆ ಯಾರ ತಲೆಗೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

2023ರ ಏಪ್ರಿಲ್. ಚಾಲಿ ಜೋರಾಗಿ ಬರುತ್ತಿದ್ದ ಸಮಯ. ವಾನಳ್ಳಿ ಕಡೆಯ ಒಬ್ಬ ಬೆಳೆಗಾರರು ಪಟ್ಟಿ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. "ತಮಾ, ನಾ ತಂದದ್ದು ಇಷ್ಟೇ ಅಲ್ಲ" ಅಂದರು. ಮನೆಯಲ್ಲಿ ತೂಕ ಮಾಡಿಯೇ ತಂದವರು ಅವರು. ಪಟ್ಟಿಯಲ್ಲಿ ಒಂದು ಚೀಲದಷ್ಟು ಕಡಿಮೆ. ನಾನು ಚೀಟಿ ತೆಗೆದು ನೋಡಿದೆ. ಚೀಟಿಯಲ್ಲಿ ಇದ್ದದ್ದೇ ಕಂಪ್ಯೂಟರಿನಲ್ಲಿ ಇತ್ತು. "ತೂಕದವರನ್ನು ಕೇಳಬೇಕು" ಅಂದೆ. ಅವರು ಅಂಗಳಕ್ಕೆ ಹೋಗಿ ಕೇಳಿದರು. ಭಾವ ಅಲ್ಲಿಂದಲೇ, ವ್ಯಾಪಾರಿಗಳು, ಹಮಾಲರು, ಆರಿಸುವ ಹೆಂಗಸರು ಎಲ್ಲ ಇರುವಾಗ, ಗಟ್ಟಿಯಾಗಿ ಹೇಳಿದರು: "ನಾ ತೂಗಿದ್ದು ಸರಿ ಇದ್ದು. ಒಳಗೆ ಕುಂತು ಕುಟ್ಟವರನ್ನ ಕೇಳಿ. ಅಂಕಿ ಬರದವರನ್ನೆಲ್ಲ ಕುರ್ಚಿ ಮೇಲೆ ಕೂರ್ಸಿದ್ರೆ ಹಿಂಗೇ."

ಆಮೇಲೆ ಗೊತ್ತಾದದ್ದು ಇಷ್ಟು. ಆ ಚಾಲಿಯಿಂದ ಆರಿಸಿ ತೆಗೆದ ಬಿಳಿಗೋಟು ಬೇರೆ ಗುಪ್ಪೆ ಆಗಿತ್ತು. ಅದಕ್ಕೆ ಬೇರೆ ಲಾಟ್ ನಂಬರ್ ಬಿದ್ದಿತ್ತು. ಅದರ ತೂಕದ ಚೀಟಿ ಒಬ್ಬ ಹಮಾಲನ ಅಂಗಿ ಕಿಸೆಯಲ್ಲೇ ಉಳಿದಿತ್ತು. ಮರುದಿನ ಬೆಳಿಗ್ಗೆ ಸಿಕ್ಕಿತು. ಬೆಳೆಗಾರರಿಗೆ ಇನ್ನೊಂದು ಪಟ್ಟಿ ಕೊಟ್ಟಾಯಿತು, ಅವರು ನಗುತ್ತಲೇ ಹೋದರು. ತೂಗಿದ್ದೂ ಸರಿ, ಹೊಡೆದದ್ದೂ ಸರಿ. ಆದರೆ ಅಷ್ಟು ಜನರ ಎದುರು ಬಿದ್ದ ಮಾತು ಎಲ್ಲಿಗೆ ವಾಪಸ್ ಹೋಗುತ್ತದೆ?

ಮಾತು ನಿಂತಿತು. ನಿಂತದ್ದು ನಮ್ಮಿಬ್ಬರ ಮಾತು ಮಾತ್ರ. ಉಳಿದವರ ಮಾತು ಆಗಲೇ ಶುರುವಾದದ್ದು.

ಚಾ ಕುಡಿಯುವ ಅಂಗಡಿ ಎರಡಾಯಿತು. ಅವರ ಕಡೆಯವರು ಎಡಗಡೆಯ ಅಂಗಡಿ, ನಮ್ಮ ಕಡೆಯವರು ಬಲಗಡೆ. "ನಮ್ಮ ಕಡೆ" ಅಂತ ಒಂದು ಇದೆ ಅನ್ನುವುದೇ ನನಗೆ ಆಮೇಲೆ ತಿಳಿದದ್ದು. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ನಾನು ದರಪಟ್ಟಿ ಹಾಕಿದರೆ ಅವರ ಕಡೆಯವರು ಯಾರೂ ಹೆಬ್ಬೆರಳು ಎತ್ತುತ್ತಿರಲಿಲ್ಲ. ಭಾವನ ಸ್ಟೇಟಸ್‌ನಲ್ಲಿ ದಿನಕ್ಕೊಂದು ಗಾದೆ. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ." ಹಿಂದೆ ಗುಲಾಬಿ ಹೂವಿನ ಚಿತ್ರ. ನನಗೇ ಹಾಕಿದ್ದು ಅಂತ ಎಲ್ಲರಿಗೂ ಗೊತ್ತು. ಕೇಳಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ಕೇಳದಿದ್ದರೆ ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಅದೇ ಕುದಿ.

ಇದಕ್ಕಿಂತ ತೊಂದರೆ ಕೊಟ್ಟದ್ದು ಸುದ್ದಿ ತರುವವರು. ಪ್ರತಿ ಆಫೀಸಿನಲ್ಲೂ ಇಂಥವರು ಇಬ್ಬರು ಮೂವರು ಇದ್ದೇ ಇರುತ್ತಾರೆ. ಕೆಟ್ಟವರೇನಲ್ಲ. ಮನೆಗೆ ಕರೆದರೆ ಕೆಲಸಕ್ಕೆ ಕೈ ಹಾಕುತ್ತಾರೆ, ಆಸ್ಪತ್ರೆಗೆ ಜೊತೆ ಬರುತ್ತಾರೆ. ಆದರೆ ಒಂದು ಮಾತು ಕಿವಿಗೆ ಬಿದ್ದರೆ ಇನ್ನೊಂದು ಕಡೆ ಇಳಿಸದೆ ಅವರಿಗೆ ಊಟ ಸೇರುವುದಿಲ್ಲ. ನನ್ನ ಮೇಜಿನ ಅಂಚಿಗೆ ಸೊಂಟ ಒರಗಿಸಿ ನಿಂತು, ದನಿ ಇಳಿಸಿ, ನನ್ನನ್ನೂ ಭಾವ ಅಂತಲೇ ಕರೆದು, "ಭಾವ, ನೀ ಬೇಜಾರ ಮಾಡ್ಕ್ಯಳಡ, ಆದ್ರೂ ಹೇಳ್ತಿ..." ಅಂತ ಶುರು ಮಾಡುತ್ತಿದ್ದರು. ಬೇಜಾರು ಮಾಡಿಕೊಳ್ಳಬೇಡ ಅಂದ ಮೇಲೆ ಬಂದ ಮಾತಿಗೆ ಬೇಜಾರು ಮಾಡಿಕೊಳ್ಳದೆ ಇದ್ದವರನ್ನು ನಾನು ಇನ್ನೂ ನೋಡಿಲ್ಲ. ನಾನು ಉತ್ತರಕ್ಕೆ "ಹೌದಾ, ಹಾಗಂದ್ರಾ?" ಅಂದರೂ ಸಾಕಿತ್ತು. ಅತ್ತ ಹೋಗುವಾಗ ಅದು "ಅಂವಂಗೆ ಸಿಟ್ಟು ನೆತ್ತಿಗೇರಿದ್ದು" ಅಂತಾಗುತ್ತಿತ್ತು.

ಮೇ ತಿಂಗಳಲ್ಲಿ ಅಮ್ಮನ ಊರಲ್ಲಿ ಒಂದು ಉಪನಯನ. ನಾನು ಊಟಕ್ಕೆ ಕುಳಿತ ಪಂಕ್ತಿಗೆ ಭಾವ ಬಡಿಸುತ್ತಿದ್ದರು. ಪಂಚೆ ಮೇಲೆ ಕಟ್ಟಿ, ಕೈಯಲ್ಲಿ ಅಪ್ಪೆಹುಳಿಯ ಬಕೆಟ್, ಸೌಟು. ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ಬಡಿಸುತ್ತ ಬಂದರು. ನನ್ನ ಎಲೆಯ ಹತ್ತಿರ ಬಂದಾಗ ಸೌಟು ಒಂದು ಕ್ಷಣ ನಿಂತಿತು. "ಅಪ್ಪೆಹುಳಿ?" ಅಂದರು. ನಾನು ಕೈ ಒಡ್ಡಿದೆ. ಹಾಕಿದರು. ಮುಂದೆ ಹೋದರು. ಎದುರು ಸಾಲಿನಲ್ಲಿದ್ದ ದೊಡ್ಡಮ್ಮ ಒಬ್ಬರು ಇಷ್ಟನ್ನೂ ಕಣ್ಣು ಮಿಟುಕಿಸದೆ ನೋಡಿದರು. ಕೈ ತೊಳೆಯುವಲ್ಲಿ ಹಿಡಿದು ನಿಲ್ಲಿಸಿ, "ನಿಂಗಳಿಬ್ರಿಗೂ ಮಾತೇ ಇಲ್ಯಡ, ಹೌದನ?" ಅಂದರು. ಅವರಿಗೆ ಹೇಳಿದ್ದು ಯಾರೋ ಏನೋ.

ಒಂದು ಅಪ್ಪೆಹುಳಿಯಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಸೋಮವಾರ ಚೀಟಿ ಮತ್ತೆ ಹಮಾಲನ ಕೈಯಲ್ಲೇ ಬಂತು.

ಬುದ್ಧಿ ಹೇಳುವವರಿಗೆ ಬರ ಇರಲಿಲ್ಲ. ಹೆಚ್ಚಿನವರು "ಸುಮ್ನಿರು" ಅಂದರು. ಸುಮ್ಮನಿದ್ದೆ ಕೂಡ. ಮಳೆಗಾಲ ಇಡೀ ಸುಮ್ಮನಿದ್ದೆ. ಮಳೆಗಾಲದಲ್ಲಿ ಅಂಗಳದಲ್ಲಿ ಮಾಲು ಕಡಿಮೆ, ಬೆಳೆಗಾರರೆಲ್ಲ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಇರುತ್ತಾರೆ. ಸುಮ್ಮನಿರುವುದರಿಂದ ಜಗಳ ಕರಗುತ್ತದೆ ಅನ್ನುವುದು ನಿಜ ಇರಬಹುದು, ಎರಡೂ ಕಡೆಯವರು ಬೇರೆ ಬೇರೆ ಕೆಲಸ ಮಾಡುವವರಾಗಿದ್ದರೆ. ನಮ್ಮದು ದಿನಾ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಕೆಲಸ. ಅಲ್ಲಿ ಸುಮ್ಮನಿದ್ದರೆ ನಡುವಿನ ಜಾಗವನ್ನು ಬೇರೆಯವರು ತುಂಬುತ್ತಾರೆ.

ಇನ್ನೊಬ್ಬರು "ಡೈರೆಕ್ಟರಿಗೆ ಒಂದು ಮಾತು ಹಾಕು, ನಿಮ್ಮ ಕಡೆಯವರೇ ಅಲ್ದ?" ಅಂದರು. ಸಹಕಾರಿ ಸಂಘಗಳಲ್ಲಿ ಇದೊಂದು ಹಳೆಯ ದಾರಿ. ಆಡಳಿತ ಮಂಡಳಿಯಲ್ಲಿ ಎಲ್ಲರಿಗೂ ಒಬ್ಬ ಭಾವನೋ ಮಾವನೋ ಇರುತ್ತಾರೆ. ನನಗೂ ಇದ್ದರು, ಅವರಿಗೂ ಇದ್ದರು. ನಾನು ಒಬ್ಬ ಡೈರೆಕ್ಟರನ್ನು ಎಳೆದರೆ ಅವರು ಇನ್ನೊಬ್ಬರನ್ನು ಎಳೆಯುತ್ತಾರೆ. ಆಮೇಲೆ ಜಗಳ ನಮ್ಮದಾಗಿ ಉಳಿಯುವುದಿಲ್ಲ, ಮುಂದಿನ ಚುನಾವಣೆಯದ್ದಾಗುತ್ತದೆ. ಆ ದಾರಿ ಹಿಡಿಯಲಿಲ್ಲ. ಅದಕ್ಕೆ ಈಗಲೂ ಸಮಾಧಾನ ಇದೆ.

ಮತ್ತೊಬ್ಬ ಗೆಳೆಯ, ಓದಿಕೊಂಡವನು, "ಪ್ರತಿ ಆಫೀಸಿನಲ್ಲಿ ದೂರು ಸಮಿತಿ ಇರಲೇಬೇಕು ಅಂತ ಕಾನೂನಿದೆ, ಅಲ್ಲಿ ಕೊಡು" ಅಂದ. ಅವನು ಹೇಳುತ್ತಿದ್ದದ್ದು 2013ರ ಕಾಯ್ದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಬೇಕು ಅನ್ನುವುದು ಸರಿ. ಆದರೆ ಅದು ಇರುವುದು ಕೆಲಸದ ಜಾಗದಲ್ಲಿ ಹೆಂಗಸರ ಮೇಲೆ ಆಗುವ ಲೈಂಗಿಕ ಕಿರುಕುಳದ ದೂರಿಗೆ. ಇಬ್ಬರು ಗಂಡಸರ ತೂಕದ ಚೀಟಿ ಜಗಳ ಅಲ್ಲಿಗೆ ಹೋಗುವುದಿಲ್ಲ, ಹೋಗಲೂಬಾರದು. ಇನ್ನೊಂದು ಸಂಘದಲ್ಲಿ ಸೆಕ್ರೆಟರಿ ಆಗಿರುವ ಪರಿಚಯದವರು ಹೇಳಿದ್ದು ಹೆಚ್ಚು ಉಪಯೋಗಕ್ಕೆ ಬಂತು. ಸಂಘ ನಿನ್ನ ಮೇಲೆ ಶಿಸ್ತು ಕ್ರಮ ತೆಗೆದುಕೊಂಡರೆ, ಅದು ತಪ್ಪು ಅನ್ನಿಸಿದರೆ, 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಲ್ಲಿ ನಿಬಂಧಕರ ಎದುರು ದಾವೆ ಹಾಕಬಹುದು. ಆದರೆ ಅದು ಕೊನೆಯ ಮಾತು. ಈಗ ನಿನಗೆ ಬೇಕಾದದ್ದು ನ್ಯಾಯ ಅಲ್ಲ, ಹೊತ್ತಿಗೆ ಸರಿಯಾಗಿ ಚೀಟಿ. ಹಾಗಂದು ಅವರು ಒಂದು ಕೆಲಸ ಹಚ್ಚಿದರು. "ಒಂದು ಪುಸ್ತಕ ಇಟ್ಟುಕೋ. ಏನಾಯಿತು, ಯಾವಾಗ ಆಯಿತು, ಯಾರು ಏನಂದರು, ಅಷ್ಟೇ ಬರಿ. ಅವನು ಹಾಗೆ, ಹೀಗೆ ಅಂತ ಬರಿಬೇಡ."

ಕಷ್ಟ ಆಯಿತು. ಮೊದಲ ಕೆಲವು ಪುಟ ಓದಿದರೆ ಈಗ ನಗು ಬರುತ್ತದೆ. "ಬೇಕಂತಲೇ ತಡ ಮಾಡಿದರು" ಅಂತ ಬರೆದು, ಬೇಕಂತಲೇ ಅನ್ನುವುದನ್ನು ಹೊಡೆದು ಹಾಕಿದ್ದೇನೆ. ಬೇಕಂತ ಮಾಡಿದರೋ ಇಲ್ಲವೋ ನನಗೆ ಹೇಗೆ ಗೊತ್ತು? ತಡ ಆದದ್ದು ಮಾತ್ರ ಗೊತ್ತು. ಹಾಗೆ ಹೊಡೆದು ಹಾಕುತ್ತ ಹೋದ ಮೇಲೆ ಉಳಿದದ್ದು ಬರೀ ಹೊತ್ತು ಮತ್ತು ಲಾಟ್ ನಂಬರ್. ಹೊಸ ಹಂಗಾಮು ಶುರುವಾಗಿ ರಾಶಿ ಬರತೊಡಗಿದ ಮೇಲೆ ಒಂದು ಸಂಜೆ ಕುಳಿತು ತಿರುವಿ ನೋಡಿದೆ. ಜಗಳದ ಹೊತ್ತೆಲ್ಲ ಮಧ್ಯಾಹ್ನ ಮೂರರಿಂದ ಐದರ ಒಳಗೆ. ಬೆಳಿಗ್ಗೆ ಒಂದೂ ಇಲ್ಲ. ಮತ್ತೆ ಹೆಚ್ಚಿನವು ಒಂದು ಮಾಲು ಎರಡು ಮೂರು ಗುಪ್ಪೆಯಾಗಿ ಒಡೆದಾಗಲೇ ಆದದ್ದು.

ನಮ್ಮಲ್ಲಿ ಟೆಂಡರ್ ಮುಗಿದು ಬೆಳೆಗಾರರ ಒಪ್ಪಿಗೆ ಆಗಿ ತೂಕ ಶುರುವಾಗುವುದೇ ಮಧ್ಯಾಹ್ನದ ಮೇಲೆ. ಎಲ್ಲ ಚೀಟಿಗಳೂ ಒಟ್ಟಿಗೆ ಬರುತ್ತವೆ. ಅತ್ತ ಪಟ್ಟಿ ವಿಭಾಗದವರು "ಆಯಿತಾ, ಆಯಿತಾ" ಅಂತ ಕೂಗುತ್ತಾರೆ. ದೂರದ ಬೆಳೆಗಾರರಿಗೆ ಐದೂವರೆ ಬಸ್ಸು ತಪ್ಪುವ ಚಿಂತೆ. ಆ ಎರಡು ತಾಸಿನಲ್ಲಿ ನನ್ನ ಜಾಗದಲ್ಲಿ ಸಾಧುಗಳು ಕುಳಿತಿದ್ದರೂ, ಭಾವನ ಜಾಗದಲ್ಲಿ ಇನ್ನೊಬ್ಬ ಸಾಧು ನಿಂತಿದ್ದರೂ, ಒಂದು ಮಾತು ಹೆಚ್ಚುಕಮ್ಮಿ ಬರುತ್ತಿತ್ತು. ಇದು ಕಂಡ ಮೇಲೆ ನನ್ನ ಸಿಟ್ಟು ಪೂರ್ತಿ ಹೋಯಿತು ಅಂತಲ್ಲ. ಆದರೆ ಸಿಟ್ಟಿನ ಜೊತೆ ಇನ್ನೊಂದು ವಿಷಯವೂ ತಲೆಯಲ್ಲಿ ಬಂದು ಕುಳಿತಿತು.

ಅಷ್ಟರಲ್ಲಿ ಬಂತು ಮೂಗರ್ಜಿ.

2024ರ ಜನವರಿಯಲ್ಲಿ. ಅಧ್ಯಕ್ಷರ ಹೆಸರಿಗೆ, ಅಂಚೆಯಲ್ಲಿ. ಹೆಸರಿಲ್ಲ, ಸಹಿ ಇಲ್ಲ, "ನೊಂದ ಸದಸ್ಯ" ಅಂತ ಅಷ್ಟೇ. ತೂಕದವರು ವ್ಯಾಪಾರಿಗಳ ಜೊತೆ ಸೇರಿ ಬೆಳೆಗಾರರ ಅಡಿಕೆ ಹೊಡೆಯುತ್ತಿದ್ದಾರೆ ಅನ್ನುವುದು ಸಾರಾಂಶ. ಉದಾಹರಣೆಗೆ ಆ ಹಿಂದಿನ ಏಪ್ರಿಲಿನ ಚಾಲಿ ಲಾಟನ್ನೇ ಕೊಟ್ಟಿದ್ದರು. ಬಿಳಿಗೋಟಿನ ಚೀಟಿ ಮರುದಿನ ಸಿಕ್ಕಿದ ವಿಷಯ ಮಾತ್ರ ಅದರಲ್ಲಿ ಇರಲಿಲ್ಲ.

ಆಫೀಸಿನಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ. ಯಾಕೆ ಅಂತ ಬೇರೆ ಹೇಳಬೇಕಿಲ್ಲ. ಯಾರೂ ನೇರ ಕೇಳಲಿಲ್ಲ. ಬಲಗಡೆಯ ಚಾ ಅಂಗಡಿಯಲ್ಲಿ ನನ್ನ ಕಡೆಯವರು ಬೆನ್ನು ತಟ್ಟಿದರು, "ಸರೀ ಮಾಡಿದೆ" ಅಂತ. ನನಗೆ ಅದು ಎಲ್ಲದಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸಿತು. ಬರೆಯದ ಕಾಗದಕ್ಕೆ ಶಹಬ್ಬಾಸ್ ಸಿಕ್ಕರೆ ಅದು ಬರೆದ ಹಾಗೇ. ಭಾವ ಆ ದಿನ ತೂಕಕ್ಕೆ ಬರಲಿಲ್ಲ. ಮರುದಿನ ಬಂದವರು ನನ್ನ ಮೇಜಿನ ಎದುರು ನಿಂತು ಒಂದೇ ಮಾತು ಹೇಳಿದರು. "ಎನ್ನ ಮಗಂಗೆ ಮುಖ ತೋರ್ಸವು ಆನು." ಮಗನಿಗೆ ನಾನು ಮುಖ ತೋರಿಸಬೇಕು ಅಂತ. ದನಿ ಎತ್ತರಿಸಲಿಲ್ಲ.

ನಾನು ಆಗ "ನಾನಲ್ಲ" ಅಂದೆ. ಅವರು ನಂಬಲಿಲ್ಲ. ನಂಬಬೇಕು ಅಂತ ನಾನು ಯಾಕೆ ನಿರೀಕ್ಷೆ ಮಾಡಲಿ? ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದವರ ಬಾಯಿಮಾತಿಗೆ ಎಷ್ಟು ಬೆಲೆ ಬಂದೀತು? ಅದಕ್ಕೇ ಮ್ಯಾನೇಜರರಿಗೆ ಒಂದು ಪುಟದ ಪತ್ರ ಬರೆದೆ, ಹೆಸರು ಸಹಿ ಎಲ್ಲ ಹಾಕಿ. ದೂರು ಬರೆಯಲಿಲ್ಲ. ಆ ಅರ್ಜಿ ನನ್ನದಲ್ಲ, ಅದರಲ್ಲಿ ಹೇಳಿದ ಲಾಟಿನ ಎರಡೂ ಚೀಟಿ, ಎರಡೂ ಪಟ್ಟಿಯ ನಕಲು ಇದರ ಜೊತೆ ಇದೆ, ತೂಕದಲ್ಲಿ ವ್ಯತ್ಯಾಸ ಇಲ್ಲ ಅಂತ ಮೊದಲು ಬರೆದೆ. ಚೀಟಿ ಕೈಯಿಂದ ಕೈಗೆ ಬರುವ ರೀತಿ ಸರಿಯಿಲ್ಲದ್ದರಿಂದ ಬೆಳೆಗಾರರು ಕಾಯಬೇಕಾಗುತ್ತದೆ, ಅದನ್ನು ಸರಿ ಮಾಡಲು ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಅಂತ ಕೆಳಗೆ ಸೇರಿಸಿದೆ. ಒಂದು ಪ್ರತಿಯನ್ನು ಭಾವನ ಮೇಜಿನ ಮೇಲೂ ಇಟ್ಟೆ. ಇದನ್ನು ಮಾಡಬೇಡ ಅಂದವರೇ ಹೆಚ್ಚು. "ನಿನ್ನ ಕಾಗದ ಅವರ ಕೈಗೇ ಕೊಟ್ಟರೆ ನಾಳೆ ನಿನ್ನ ಕುತ್ತಿಗೆಗೇ" ಅಂದರು. ಕೊಡದಿದ್ದರೆ ಅದರಲ್ಲಿ ಏನಿದೆ ಅಂತ ಅವರಿಗೆ ಬೇರೆ ಯಾರೋ ಹೇಳುತ್ತಿದ್ದರು, ಬೇರೆಯದೇ ಹೇಳುತ್ತಿದ್ದರು.

ನಮ್ಮ ಮ್ಯಾನೇಜರರು ಕುಮಟೆ ಕಡೆಯವರು. ಬಂದು ಬಹಳ ಕಾಲ ಆಗಿರಲಿಲ್ಲ. ಸಿರ್ಸಿಯಲ್ಲಿ ಯಾರಿಗೂ ಭಾವ ಅಲ್ಲ, ಮಾವ ಅಲ್ಲ. ಇದು ನಮ್ಮ ಅದೃಷ್ಟ ಅಂತಲೇ ಹೇಳಬೇಕು. ಮೂಗರ್ಜಿಯ ವಿಷಯದಲ್ಲಿ ಅವರು ಅಧ್ಯಕ್ಷರಿಗೆ ನೇರ ಹೇಳಿದರಂತೆ: ಕೇಂದ್ರ ಜಾಗೃತ ಆಯೋಗವೇ ಹೆಸರಿಲ್ಲದ ದೂರು ತೆಗೆದುಕೊಳ್ಳುವುದಿಲ್ಲ, ನಾವು ಯಾಕೆ ತೆಗೆದುಕೊಳ್ಳಬೇಕು. ಆದರೂ ಮಾತು ಎದ್ದಿದೆ ಅಂತ ಆ ತಿಂಗಳ ಚೀಟಿಗಳನ್ನೂ ಪಟ್ಟಿಗಳನ್ನೂ ತಾಳೆ ನೋಡಿಸಿದರು. ಎಲ್ಲ ಸರಿ ಇತ್ತು. ಅದನ್ನು ಸಿಬ್ಬಂದಿ ಎದುರು ಓದಿ ಹೇಳಿದರು. ಭಾವ ಆಗ ನೆಲ ನೋಡುತ್ತ ನಿಂತಿದ್ದರು.

ಮತ್ತೆರಡು ದಿನ ಬಿಟ್ಟು ಸಂಜೆ ನಮ್ಮಿಬ್ಬರನ್ನು ಕರೆದರು. ಮೂರು ಕುರ್ಚಿ, ಒಂದು ಮೇಜು. ಡೈರೆಕ್ಟರುಗಳಿಲ್ಲ. ಚಾ ಬಂತು, ಯಾರೂ ಮುಟ್ಟಲಿಲ್ಲ. ಭಾವ ಬಾಯಿ ತೆರೆದು "ಇವನು ಬಂದಾಗಿನಿಂದ..." ಅಂದರು. ಮ್ಯಾನೇಜರರು ಕೈ ಅಡ್ಡ ಹಿಡಿದರು. "ಅದೆಲ್ಲ ಬೇಡ ಮಾರಾಯ್ರೇ. ನಿಮ್ಮ ಸಿಟ್ಟಿಗೆ ನನ್ನ ಹತ್ರ ಔಷಧಿ ಇಲ್ಲ. ಚೀಟಿ ಕತೆ ಹೇಳಿ ನೀವು."

ಒಂದು ಬಿಳಿ ಹಾಳೆ ತೆಗೆದರು. ಎಡತುದಿಗೆ ತಕ್ಕಡಿ ಅಂತ ಬರೆದರು, ಬಲತುದಿಗೆ ಪಟ್ಟಿ ಅಂತ. ನಡುವೆ ಗೆರೆ ಎಳೆಯುತ್ತ ಒಂದೊಂದು ಕಡೆ ನಿಲ್ಲಿಸಿ ಕೇಳಿದರು.

"ತೂಕ ಆಯ್ತು. ಚೀಟಿ ಯಾರು ಬರೀತಾರೆ?"

"ಆನು" ಅಂದರು ಭಾವ.

"ಇವರಿಗೆ ಯಾರು ತಂದು ಕೊಡ್ತಾರೆ?"

"ಹಮಾಲರ ಕೈಲಿ ಕಳಿಸ್ತಿ" ಅಂತ ಅವರು. "ಅವರೇ ತಂದು ಕೊಡಬೇಕು" ಅಂತ ನಾನು. ಇಬ್ಬರೂ ಒಟ್ಟಿಗೇ ಹೇಳಿದೆವು. ಮ್ಯಾನೇಜರರು ಆ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು.

"ಗುಪ್ಪೆ ಎರಡಾದರೆ ಹೊಸ ನಂಬರ್ ಯಾರು ಕೊಡ್ತಾರೆ?"

ನಾನು ಸುಮ್ಮನಾದೆ. ಭಾವನೂ ಸುಮ್ಮನಾದರು. ಆರಿಸುವ ಹೆಂಗಸರೇ ಖಾಲಿ ಇದ್ದ ನಂಬರಿನ ಚೀಟಿ ಇಡುತ್ತಿದ್ದರು. ಅದನ್ನು ಮೂಲ ಲಾಟಿಗೆ ಜೋಡಿಸುವುದು ಯಾರ ಕೆಲಸ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿ ಇನ್ನೊಂದು ಪ್ರಶ್ನೆ ಚಿಹ್ನೆ. ಬೆಳೆಗಾರ ತೂಕ ನೋಡಿದ ಅಂತ ಎಲ್ಲಿ ಗುರುತು? ಇಲ್ಲ. ಮತ್ತೊಂದು. ಹಾಳೆ ನೋಡಿದರೆ ನಾವು ಅಲ್ಲಿಯವರೆಗೆ ಹೇಗೆ ಕೆಲಸ ಮಾಡಿದೆವು ಅಂತ ಆಶ್ಚರ್ಯ ಆಗಬೇಕು.

ನಡುವೆ ಒಮ್ಮೆ ಭಾವ ಹೇಳಿದ ಒಂದು ಮಾತು ನನಗೆ ಇಡೀ ವರ್ಷ ಯಾರ ಬಾಯಿಂದಲೂ ಬಂದಿರಲಿಲ್ಲ. ಸುದ್ದಿ ತರುವವರು ಇದೊಂದನ್ನು ತಂದಿರಲಿಲ್ಲ. "ಇಷ್ಟು ವರ್ಷ ಎನ್ನ ಪುಸ್ತಕ ನೋಡಿ ಪಟ್ಟಿ ಮಾಡ್ತಿದ್ರು. ಬೆಳೆಗಾರ್ರು ಎನ್ನ ಹತ್ರ ಬಂದು, ಎಷ್ಟಾತು ಭಾವ ಅಂತ ಕೇಳ್ತಿದ್ರು. ಈಗ ಸೀದಾ ಅವನ ಹತ್ರ ಹೋಗ್ತ. ಎನ್ನ ಸಹಿ ಇಪ್ಪದು ಅವ ಕುಟ್ಟಿದ ಅಂಕಿ ಕೆಳಗೆ."

ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೇನೂ ಇರಲಿಲ್ಲ, ಅದು ನಿಜ. ಮ್ಯಾನೇಜರರು ಅದನ್ನೂ ಹಾಳೆಯಲ್ಲಿ ಬರೆದುಕೊಂಡರು. ಆಗ ನನಗೆ ವಿಚಿತ್ರ ಅನ್ನಿಸಿತು. ಅದು ಭಾವನೆಯ ಮಾತು, ಹಾಳೆಯಲ್ಲಿ ಯಾಕೆ ಅಂತ. ಅವರಿಗೆ ಅದೂ ಕೆಲಸದ ಮಾತಾಗಿ ಕಂಡಿತ್ತು.

ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಅಮ್ಮ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕುಳಿತ ಮೇಲೆ ಊರಲ್ಲಿ ಬೇರೆ ಯಾವ ಮಾತೂ ನಡೆಯುವುದಿಲ್ಲ. ನಮ್ಮ ಅಂಗಳವೂ ಖಾಲಿ. ಹೊಸ ವ್ಯವಸ್ಥೆ ಜಾತ್ರೆ ಮುಗಿದ ಮೇಲೆ ಶುರು ಅಂತ ಮ್ಯಾನೇಜರರು ಆಫೀಸ್ ಆದೇಶ ಮಾಡಿದರು. ಅದು ಹೀಗಿತ್ತು. ತೂಕದ ಚೀಟಿಗೆ ಕಾರ್ಬನ್ ಪುಸ್ತಕ, ಮೂರು ಪ್ರತಿ. ಬರೆಯುವುದು ಭಾವನೇ, ಅವರ ಕೈಬರಹದಲ್ಲೇ. ಬೆಳೆಗಾರ ಅಲ್ಲೇ ತೂಕ ನೋಡಿ ಸಹಿ ಹಾಕಬೇಕು. ಮೊದಲ ಪ್ರತಿ ಅವನ ಕೈಗೆ. ಎರಡನೆಯದು ನನಗೆ, ಮೂರನೆಯದು ಪುಸ್ತಕದಲ್ಲೇ. ಒಂದು ಮಾಲು ಒಡೆದರೆ ಹೊಸ ನಂಬರ್ ಇಲ್ಲ, ಅದೇ ನಂಬರಿನ ಮುಂದೆ ಅ, ಆ, ಇ. ಅದನ್ನು ಆರಿಸುವಾಗಲೇ ನಾನು ಅಂಗಳಕ್ಕೆ ಹೋಗಿ ಬರೆದು ಬರಬೇಕು. ಚೀಟಿಗಳನ್ನು ಅರ್ಧ ಗಂಟೆಗೊಮ್ಮೆ ಭಾವ ನನ್ನ ಕೈಗೇ ಕೊಡಬೇಕು, ಅವರು ತಕ್ಕಡಿ ಬಿಡಲಾಗದಿದ್ದರೆ ನಾನು ಹೋಗಿ ತರಬೇಕು. ಹಮಾಲರ ಕೈಗೆ ಕೊಡುವಂತಿಲ್ಲ. ಪಟ್ಟಿ ವಿಭಾಗದವರು ನಾಲ್ಕು ಗಂಟೆಯ ಒಳಗೆ "ಆಯಿತಾ" ಅಂತ ಕೇಳುವಂತಿಲ್ಲ. ಕೊನೆಯದ್ದಕ್ಕೆ ನಾವಿಬ್ಬರೂ ನಕ್ಕೆವು. ಒಟ್ಟಿಗೆ ನಕ್ಕದ್ದು ಅಲ್ಲ, ಬೇರೆ ಬೇರೆ ಕಡೆ ನೋಡಿಕೊಂಡು.

ಜಾತ್ರೆಯ ಬೆನ್ನಿಗೇ ಚಾಲಿ ಒತ್ತರಿಸಿ ಬಂತು. ಮೊದಲ ವಾರ ನಾನು ಚೀಟಿ ತರಲು ತಕ್ಕಡಿಯ ಹತ್ತಿರ ಹೋಗಿ ನಿಂತಾಗ ಇಬ್ಬರಿಗೂ ಕೈ ಎಲ್ಲಿಡಬೇಕು ಗೊತ್ತಾಗುತ್ತಿರಲಿಲ್ಲ. ಭಾವ ಕಾರ್ಬನ್ ಹಾಳೆಯನ್ನು ಸರಿ ಮಾಡಿ, ಪೆನ್ನು ಗಟ್ಟಿಯಾಗಿ ಒತ್ತಿ ಬರೆದು, ಹರಿದು ಕೊಡುತ್ತಿದ್ದರು.

"ನೂರಾ ಹನ್ನೆರಡು, ಆ."

"ಸರಿ."

ಇಷ್ಟೇ ಮಾತು. ಇಷ್ಟು ಸಾಕಾಗುತ್ತದೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ಬೆಳೆಗಾರರು ಮತ್ತೆ ಅವರ ಹತ್ತಿರ ನಿಂತು "ಎಷ್ಟಾತು ಭಾವ?" ಅಂತ ಕೇಳತೊಡಗಿದರು. ಅವರ ಕೈಬರಹದ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಪಟ್ಟಿ ಬಂದಾಗ ತಾವೇ ತಾಳೆ ನೋಡುತ್ತಾರೆ. ನನ್ನ ಮೇಜಿಗೆ ಜನ ಬರುವುದು ಕಡಿಮೆ ಆಯಿತು. ನನಗೂ ಅದೇ ಬೇಕಿತ್ತು.

ಸುದ್ದಿ ತರುವವರಿಗೆ ನಾನು ಒಂದು ಉಪಾಯ ಮಾಡಿದೆ. "ಭಾವ, ನೀ ಬೇಜಾರ..." ಅಂತ ಶುರುವಾದ ಕೂಡಲೇ ಕುರ್ಚಿಯಿಂದ ಎದ್ದು "ಬನ್ನಿ, ಅವರ ಎದುರೇ ಕೇಳಿಬಿಡೋಣ" ಅನ್ನುತ್ತಿದ್ದೆ. ಎದ್ದು ನಿಲ್ಲಬೇಕು, ಅದು ಮುಖ್ಯ. ಬರೀ ಬಾಯಲ್ಲಿ ಅಂದರೆ ಪ್ರಯೋಜನ ಇಲ್ಲ. ಒಬ್ಬರಂತೂ ನನ್ನ ತೋಳು ಹಿಡಿದು ಎಳೆದು ಕೂರಿಸಿದರು. "ಎಂತಕ್ಕೆ ಈಗ, ಸುಮ್ನೆ ಹೇಳಿದ್ದಪ್ಪ" ಅಂತ. ಆಮೇಲೆ ಬರುವುದು ಕಡಿಮೆ ಆಯಿತು. ನನಗೆ ದೊಡ್ಡಸ್ತಿಕೆ ಬಂದಿದೆ ಅಂತ ಬಲಗಡೆಯ ಅಂಗಡಿಯಲ್ಲಿ ಮಾತು ನಡೆಯುತ್ತದೆ ಅಂತ ಕೇಳಿದೆ. ಇದನ್ನು ನನಗೆ ಯಾರು ತಂದು ಹೇಳಿದರು ಅಂತ ಬರೆಯುವುದು ಬೇಡ. ಈಗ ನಾನು ಚಾ ಫ್ಲಾಸ್ಕಿನಲ್ಲಿ ಮನೆಯಿಂದಲೇ ತರುತ್ತೇನೆ.

ಭಾವನ ಸ್ಟೇಟಸ್ ನೋಡುವುದನ್ನೂ ನಿಲ್ಲಿಸಿದೆ. ಮ್ಯೂಟ್ ಮಾಡುವುದಕ್ಕೆ ಒಂದು ಬಟನ್ ಇದೆ. ಇಷ್ಟು ಸುಲಭದ ಕೆಲಸಕ್ಕೆ ಅಷ್ಟು ತಿಂಗಳು ಬೇಕಾದದ್ದು ಯಾಕೆ ಅಂದರೆ, ನೋಡುವುದರಲ್ಲಿ ಒಂದು ಚಟ ಇರುತ್ತದೆ. ಬಾಯಿಯ ಹುಣ್ಣನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟುವ ಹಾಗೆ.

ನಾವು ಗೆಳೆಯರಾದೆವಾ? ಇಲ್ಲ. ಅವರು ಅಂಗಳದಲ್ಲಿ ಅಂದ ಮಾತಿಗೆ ಕ್ಷಮೆ ಕೇಳಲಿಲ್ಲ. ನಾನೂ ಕೇಳಿಸಿಕೊಳ್ಳಬೇಕು ಅಂತ ಕಾಯಲಿಲ್ಲ. ಮೂಗರ್ಜಿ ಯಾರದು ಅಂತ ಇವತ್ತಿಗೂ ಗೊತ್ತಿಲ್ಲ. ನನಗೆ ಒಬ್ಬರ ಮೇಲೆ ಅನುಮಾನ ಇದೆ, ಭಾವನಿಗೆ ಇನ್ನೊಬ್ಬರ ಮೇಲೆ ಇರಬಹುದು. ನನ್ನ ಮೇಲೆಯೇ ಇನ್ನೂ ಇದ್ದರೂ ಇರಬಹುದು. ಅದನ್ನು ಕೆದಕಲು ಹೋಗಿಲ್ಲ. ಇಬ್ಬರ ಮನೆಯವರೂ ಮದುವೆ ಮನೆಗಳಲ್ಲಿ ಪಕ್ಕಪಕ್ಕ ಕುಳಿತು ಮಾತಾಡುತ್ತಾರೆ. ಅವರು ಮೊದಲೂ ಮಾತಾಡುತ್ತಿದ್ದರಂತೆ, ನಮಗೇ ಗೊತ್ತಿರಲಿಲ್ಲ.

ಒಂದೆರಡು ಜನ ಬೇರೆ ಸಂಘದವರು ಈ ಮೂರು ಪ್ರತಿಯ ಪುಸ್ತಕ ನೋಡಲು ಬಂದಿದ್ದರು. ಭಾವನೇ ತೋರಿಸಿದರು. ಅ, ಆ, ಇ ಹಾಕುವುದನ್ನು ವಿವರಿಸುವಾಗ "ಇದು ಅವನ ಕೆಲಸ, ಅವನೇ ಬಂದು ಬರೀತ" ಅಂತ ನನ್ನ ಕಡೆ ಕೈ ತೋರಿಸಿದರು. ಹೆಸರು ಹೇಳಲಿಲ್ಲ. ಅಡ್ಡಿಲ್ಲೆ.

ಈಗ ಹೊಸ ತಕರಾರು ಒಂದು ಎದ್ದಿದೆ. ತುಂಬಿದ ಕಾರ್ಬನ್ ಪುಸ್ತಕಗಳನ್ನು, ಅಂದರೆ ಮೂರನೇ ಪ್ರತಿಗಳನ್ನು, ಇಡುವುದು ಯಾರ ಕಪಾಟಿನಲ್ಲಿ ಅಂತ. ಆಡಿಟರಿಗೆ ಬೇಕಾಗುತ್ತದೆ, ಆದ್ದರಿಂದ ಪಟ್ಟಿ ವಿಭಾಗದವರೇ ಇಡಬೇಕು ಅಂತ ಭಾವನ ವಾದ, ನನ್ನದೂ ಅದೇ. ಪಟ್ಟಿ ವಿಭಾಗದವರು ಜಾಗ ಇಲ್ಲ ಅನ್ನುತ್ತಾರೆ. ಶನಿವಾರ ಮಧ್ಯಾಹ್ನ ಮ್ಯಾನೇಜರರು ಕರೆದಿದ್ದಾರೆ. ಈ ಸಲ ನಾಲ್ಕು ಕುರ್ಚಿ ಬೇಕು.